ಅರಳು ಮರಳು ಎನ್ನುವ ಮೊದಲು

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕನ್ನಡ ಮನೆಗಳಲ್ಲಿ ಎಷ್ಟು ಹಳೆಯದೋ ಅಷ್ಟೇ ಅನುಕೂಲದ್ದು. ಹಣೆಯ ಮೇಲೇ ಕನ್ನಡಕವನ್ನಿಟ್ಟುಕೊಂಡು ಮನೆಯೆಲ್ಲ ಹುಡುಕುವ ತಾತನನ್ನು ಕಂಡು ಮೊಮ್ಮಕ್ಕಳು ಈ ಮಾತನ್ನಾಡಿ ನಗುತ್ತಾರೆ. ತಾತನೂ ಅವರೊಡನೆ ನಗುತ್ತಾನೆ. ಅಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಊಟ ಮುಗಿಸಿ, ಕೈ ತೊಳೆದು, ಎಲೆ ಅಡಕೆ ಹಾಕಿಕೊಂಡ ಅತ್ತೆಯವರು ಅರ್ಧ ಗಂಟೆ ಕಳೆಯುವುದರೊಳಗೆ ಪಕ್ಕದ ಮನೆಯವರ ಮುಂದೆ ಕುಳಿತು, ‘ಬೆಳಗಿನಿಂದ ಒಂದು ತುತ್ತು ಅನ್ನ ಹಾಕಿದವರಿಲ್ಲ’ ಎಂದು ಕಣ್ಣೊರೆಸಿಕೊಂಡರೆ, ಅದೇ ಮಾತು ಬೇರೆ ರೂಪ ತಾಳುತ್ತದೆ. ಸೊಸೆಯ ಮುಖ ಕೆಂಪಾಗುತ್ತದೆ. ಆಫೀಸಿನಿಂದ ಬಂದ ಮಗ ಯಾರ ಮಾತನ್ನು ನಂಬಬೇಕೆಂದು ತಿಳಿಯದೆ, ಕಾಫಿಯನ್ನೂ ಮುಟ್ಟದೆ ಕೂರುತ್ತಾನೆ. ಮರುದಿನ ಬೀರುವಿನ ಬೀಗದ ಕೈ ಕಾಣೆಯಾಗಿ, ಕೆಲಸದವಳ ಮೇಲೆ ಕಳವಿನ ಅಪವಾದ ಬಂದು, ಅವಳು ಅಳುತ್ತ ಕೆಲಸ ಬಿಟ್ಟುಹೋದ ಮೇಲೆ, ಬೀಗದ ಕೈ ಅಕ್ಕಿಯ ಡಬ್ಬದ ತಳದಲ್ಲಿ ಸಿಗುತ್ತದೆ. ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತು. ಇಟ್ಟವರಿಗೆ ಮಾತ್ರ ಗೊತ್ತಿಲ್ಲ.

ಇಂಥ ಮನೆಯಲ್ಲಿ ಬೇಗನೆ ಎರಡು ಪಕ್ಷಗಳಾಗುತ್ತವೆ. ‘ವಯಸ್ಸಾಯಿತು, ಏನು ಮಾಡುವುದು’ ಎನ್ನುವವರದು ಒಂದು. ‘ಎಲ್ಲ ನೆನಪಿದೆ, ಬೇಕೆಂದೇ ಮಾಡುತ್ತಾರೆ’ ಎನ್ನುವವರದು ಇನ್ನೊಂದು. ಮೊದಲನೆಯ ಪಕ್ಷದವರು ಡಾಕ್ಟರ ಬಳಿಗೆ ಹೋಗುವ ಅಗತ್ಯವನ್ನೇ ಕಾಣುವುದಿಲ್ಲ. ಎರಡನೆಯವರು ಮಾತು ಬಿಡುತ್ತಾರೆ. ಇದು ಹೃದಯದ ಕಾಯಿಲೆಯಂತೆ, ಮೂತ್ರಪಿಂಡದ ಕಾಯಿಲೆಯಂತೆ ಒಂದು ಅಂಗದ ಕಾಯಿಲೆಯಾಗಿರಬಹುದೆಂಬ ಆಲೋಚನೆ ಎಲ್ಲಕ್ಕಿಂತ ಕೊನೆಗೆ, ಸಾಮಾನ್ಯವಾಗಿ ಮನೆಯೊಳಗಿನ ಮಾತುಕತೆ ಕೆಟ್ಟುಹೋದ ಮೇಲೆ ಬರುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಮನೆಯಲ್ಲಿಯೂ ಹೀಗೆಯೇ ಆಯಿತು. ಕಾರ್ಲ್ ಡೇಟರ್ ರೈಲ್ವೆ ಕಚೇರಿಯ ಗುಮಾಸ್ತ. ಪತ್ನಿ ಔಗುಸ್ಟೆ, ಒಬ್ಬಳು ಮಗಳು. ಮದುವೆಯಾದದ್ದು 1873ರಲ್ಲಿ; ಸುಮಾರು ಇಪ್ಪತ್ತೆಂಟು ವರ್ಷ ಸಂಸಾರ ನೆಮ್ಮದಿಯಿಂದ ನಡೆದಿತ್ತು. 1901ರಲ್ಲಿ ಔಗುಸ್ಟೆ ಗಂಡನ ನಡತೆಯ ಮೇಲೆ ಸಂಶಯ ಪಡತೊಡಗಿದಳು. ಅಡುಗೆ ಕೆಡತೊಡಗಿತು. ಸಾಮಾನುಗಳನ್ನು ಎತ್ತಿಕೊಂಡು ಹೋಗಿ ಎಲ್ಲೆಲ್ಲೋ ಬಚ್ಚಿಡುವುದು, ತನ್ನ ಮನೆಯೊಳಗೆ ತಾನೇ ದಾರಿ ತಪ್ಪುವುದು, ಯಾರೋ ತನ್ನನ್ನು ಕೊಲ್ಲಬಂದಿದ್ದಾರೆಂದು ಕೂಗಿಕೊಳ್ಳುವುದು — ಇವೆಲ್ಲ ಒಂದೊಂದಾಗಿ ಬಂದುವು. ಆಕೆಗಿನ್ನೂ ಐವತ್ತೊಂದು ವರ್ಷ. ವೃದ್ಧಾಪ್ಯವೆಂದು ಹೇಳಿ ಕೈ ತೊಳೆದುಕೊಳ್ಳುವ ವಯಸ್ಸಲ್ಲ. 1901ರ ನವೆಂಬರ್ 25ರಂದು ಆಕೆಯನ್ನು ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಮಕ್ಕಳ ಪುಸ್ತಕವೊಂದರಿಂದ ಜರ್ಮನಿಯಲ್ಲೆಲ್ಲ ಹೆಸರಾದ ಡಾಕ್ಟರ್ ಹೈನ್‌ರಿಷ್ ಹಾಫ್‌ಮನ್ ಕಟ್ಟಿಸಿದ ಆ ಭವ್ಯ ಕಟ್ಟಡವನ್ನು ಊರವರು ‘ಹುಚ್ಚರ ಅರಮನೆ’ ಎಂದು ಕರೆಯುತ್ತಿದ್ದರು.

ಅಲ್ಲಿ ಆಕೆಯನ್ನು ನೋಡಿದವರು ಆಲೋಯಿಸ್ ಆಲ್ಜೈಮರ್. ಆಗ ಅವರಿಗೆ ಮೂವತ್ತೇಳು ವರ್ಷ. ಅದೇ ವರ್ಷ ಫೆಬ್ರವರಿಯಲ್ಲಿ ಪತ್ನಿ ತೀರಿಕೊಂಡು, ಮೂವರು ಮಕ್ಕಳ ತಂದೆ ಒಂಟಿಯಾಗಿದ್ದರು. ದುಃಖವನ್ನು ಕೆಲಸದಲ್ಲಿ ಮುಳುಗಿಸುವ ಸ್ವಭಾವದವರಾಗಿದ್ದಿರಬೇಕು. ಈ ರೋಗಿಯ ಮುಂದೆ ದಿನದಿನವೂ ಕುಳಿತು, ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಅಕ್ಷರಶಃ ಬರೆದಿಟ್ಟರು. ಹೆಸರೇನೆಂದು ಕೇಳಿದರೆ ‘ಔಗುಸ್ಟೆ’. ಮನೆತನದ ಹೆಸರು? ‘ಔಗುಸ್ಟೆ.’ ಗಂಡನ ಹೆಸರು? ‘ಔಗುಸ್ಟೆ ಎಂದು ತೋರುತ್ತದೆ.’ ಮಧ್ಯಾಹ್ನ ಹೂಕೋಸು ಮತ್ತು ಮಾಂಸವನ್ನು ತಿನ್ನುತ್ತಿರುವಾಗ, ಏನು ತಿನ್ನುತ್ತಿದ್ದೀರಿ ಎಂದರೆ, ಸೊಪ್ಪು ಎಂದಳು. ಕೆಲವೊಮ್ಮೆ ಡಾಕ್ಟರನ್ನು ಮನೆಗೆ ಬಂದ ಅತಿಥಿಯೆಂದು ಬಗೆದು ಸ್ವಾಗತಿಸಿ, ಮನೆಗೆಲಸ ಇನ್ನೂ ಮುಗಿದಿಲ್ಲ, ಕ್ಷಮಿಸಬೇಕು ಎನ್ನುತ್ತಿದ್ದಳು. ಇನ್ನು ಕೆಲವೊಮ್ಮೆ ಅದೇ ಡಾಕ್ಟರು ತನ್ನನ್ನು ಕೊಯ್ಯಬಂದಿದ್ದಾನೆಂದು ಕಿರಿಚುತ್ತಿದ್ದಳು. ಹಾಸಿಗೆಯನ್ನು ಎಳೆದುಕೊಂಡು ತಿರುಗಾಡುತ್ತ, ಗಂಡನನ್ನೂ ಮಗಳನ್ನೂ ಕೂಗಿ ಕರೆಯುತ್ತಿದ್ದಳು. ಗಂಡನ ಹೆಸರು ಮರೆತಿದ್ದರೂ ಗಂಡನಿದ್ದಾನೆಂಬುದು ಮರೆತಿರಲಿಲ್ಲ.

ನಾಲ್ಕೂವರೆ ವರ್ಷ ಹೀಗೆ ಸಾಗಿತು. ಆಲ್ಜೈಮರ್ 1903ರಲ್ಲಿ ಮ್ಯೂನಿಕ್ ನಗರಕ್ಕೆ ಹೋದರೂ ಆಕೆಯ ಸ್ಥಿತಿಯನ್ನು ವಿಚಾರಿಸುವುದನ್ನು ಬಿಡಲಿಲ್ಲ. ಕೊನೆಗೆ ಮಾತೂ ಹೋಗಿ, ಮೈ ಮುದುಡಿ, ಮಲಗಿದಲ್ಲೇ ಹುಣ್ಣಾಗಿ, ಅದರ ನಂಜೇರಿ 1906ರ ಏಪ್ರಿಲ್ 8ರಂದು ಔಗುಸ್ಟೆ ತೀರಿಕೊಂಡಳು. ಕಡತವೂ ಮೆದುಳೂ ಮ್ಯೂನಿಕ್‌ಗೆ ಬಂದುವು.

ಮೆದುಳಿನ ತೆಳುವಾದ ಸೀಳುಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ನೋಡುವ ವಿಧಾನವೊಂದು ಆಗತಾನೆ ಬಂದಿತ್ತು. ಅದರಿಂದ ಆಲ್ಜೈಮರ್ ಮುಖ್ಯವಾಗಿ ಮೂರು ಸಂಗತಿಗಳನ್ನು ಕಂಡರು. ಮೆದುಳಿನ ಹೊರಪದರದ ಉದ್ದಗಲಕ್ಕೂ ರಾಗಿಕಾಳಿಗಿಂತ ಸಣ್ಣದಾದ ಲೆಕ್ಕವಿಲ್ಲದಷ್ಟು ಚುಕ್ಕೆಗಳು, ಯಾವುದೋ ವಿಚಿತ್ರ ವಸ್ತುವಿನ ಗಸಿ, ಕಾಣಿಸಿದುವು. ನರಕೋಶಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟರಲ್ಲಿ ಎಳೆಗಳು ದಪ್ಪವಾಗಿ, ನೂಲಿನ ಲಡಿ ಸಿಕ್ಕುಬಿದ್ದಂತೆ ಹೆಣೆದುಕೊಂಡಿದ್ದುವು. ಕೋಶ ಸತ್ತುಹೋದ ಮೇಲೂ ಸಿಕ್ಕು ಮಾತ್ರ ಉಳಿದಿತ್ತು. ಮೂರನೆಯದು ಇಷ್ಟು ಕಣ್ಣಿಗೆ ಹೊಡೆಯುವಂಥದ್ದಲ್ಲ. ನರಕೋಶಗಳ ನಡುವೆ ತುಂಬಿಕೊಂಡಿರುವ ಗ್ಲಿಯಾ ಎಂಬ ಕೋಶಗಳು ಎಳೆಎಳೆಯಾಗಿ ಬೆಳೆದು ನಿಂತಿದ್ದುವು. ಅವುಗಳಲ್ಲಿ ಹಲವುಗಳ ಒಡಲಲ್ಲಿ ಕೊಬ್ಬಿನ ಹನಿಗಳು ಕೂಡಿಕೊಂಡಿದ್ದುವು.

1906ರ ನವೆಂಬರ್ 3ರಂದು ಟ್ಯೂಬಿಂಗೆನ್ ಪಟ್ಟಣದ ವೈದ್ಯರ ಸಭೆಯಲ್ಲಿ ಇದನ್ನೆಲ್ಲ ನಿವೇದಿಸಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಧ್ಯಕ್ಷರು ಮುಂದಿನ ಭಾಷಣಕಾರರನ್ನು ಕರೆದರು. ಮುಂದಿನ ವರ್ಷ ಬರಹವಾಗಿ ಪ್ರಕಟವಾದದ್ದೂ ಕೆಲವೇ ಪುಟಗಳ ವರದಿ. 1910ರಲ್ಲಿ ಹಿರಿಯ ವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್ಜೈಮರ್ ಅವರ ಹೆಸರನ್ನಿತ್ತರು. ಐದು ವರ್ಷಗಳ ಮೇಲೆ, 1915ರ ಡಿಸೆಂಬರಿನಲ್ಲಿ, ಆಲ್ಜೈಮರ್ ತೀರಿಕೊಂಡರು. ಆಗ ಅವರಿಗೆ ಐವತ್ತೊಂದು ವರ್ಷ: ಔಗುಸ್ಟೆ ಆಸ್ಪತ್ರೆಗೆ ಬಂದಾಗಿನ ವಯಸ್ಸು.

ಆ ಮೂರರಲ್ಲಿ ಗಸಿ ಮತ್ತು ಸಿಕ್ಕುಗಳಿಗೆ ಲೋಕಪ್ರಸಿದ್ಧಿ ಬಂದಿತು. ಬಹುಕಾಲ ಇದು ಐವತ್ತರ ಆಸುಪಾಸಿನವರಿಗೆ ಬರುವ ಅಪರೂಪದ ರೋಗ, ಎಪ್ಪತ್ತು ದಾಟಿದವರ ಮರೆವು ಬರಿಯ ಮುಪ್ಪು ಎಂದು ವೈದ್ಯರೇ ನಂಬಿದ್ದರು. ಮನೆಮಂದಿಯನ್ನು ದೂರುವುದು ಸಲ್ಲದು. 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ಲಿನ ಬ್ಲೆಸ್ಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು, ಬದುಕಿದ್ದಾಗ ವೃದ್ಧರ ಬುದ್ಧಿಶಕ್ತಿ ಎಷ್ಟು ಕುಂದಿತ್ತೆಂಬುದನ್ನು ಅಳೆದಿಟ್ಟು, ಸತ್ತ ಮೇಲೆ ಅವರ ಮೆದುಳಿನ ಗಸಿಯ ಚುಕ್ಕೆಗಳನ್ನು ಎಣಿಸಿದರು. ಕುಂದಿದಷ್ಟೂ ಚುಕ್ಕೆ ಹೆಚ್ಚು. ಎಪ್ಪತ್ತರ ಅಜ್ಜಿಯ ರೋಗವೂ ಐವತ್ತೊಂದರ ಔಗುಸ್ಟೆಯ ರೋಗವೂ ಒಂದೇ ಎಂಬುದು ಆ ಬಳಿಕ ನಿಧಾನವಾಗಿ ಎಲ್ಲರ ಮನಸ್ಸಿಗೆ ಬಂದಿತು.

ಗಸಿ ಯಾವ ವಸ್ತುವಿನದೆಂದು ಬಿಡಿಸಿದವರು ಅಮೆರಿಕದ ಸ್ಯಾನ್ ಡಿಯಾಗೋದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್, ಅದು 1984ರಲ್ಲಿ. ಅದೊಂದು ಪುಟ್ಟ ಪ್ರೋಟೀನಿನ ತುಣುಕು. ಅದಕ್ಕೆ ಬೀಟಾ ಅಮೈಲಾಯ್ಡ್ ಎಂದು ಹೆಸರು. ಸಿಕ್ಕಿನೊಳಗಿನದು ಟೌ ಎಂಬ ಇನ್ನೊಂದು ಪ್ರೋಟೀನೆಂಬುದು 1986ರ ಹೊತ್ತಿಗೆ ತಿಳಿಯಿತು. ಅಮೈಲಾಯ್ಡ್ ಜಾತಿಯ ಗಸಿಗಳನ್ನು ಬಾಳಿಡೀ ಅಭ್ಯಾಸ ಮಾಡಿದ ಗ್ಲೆನ್ನರ್, ಅಂಥದೇ ಇನ್ನೊಂದು ಪ್ರೋಟೀನು ದೇಹದಲ್ಲಿ ಕೂಡಿಕೊಳ್ಳುವ ಮುಪ್ಪಿನ ಕಾಯಿಲೆಯಿಂದಲೇ 1995ರಲ್ಲಿ ತೀರಿಕೊಂಡರೆಂಬುದು ವಿಧಿಯ ಕ್ರೂರ ಪರಿಹಾಸ್ಯ.

ಪ್ರೋಟೀನೆಂದೊಡನೆ ಗೃಹಿಣಿಯರಿಗೆ ಬೇಳೆ, ಹಾಲು, ಮೊಟ್ಟೆಗಳ ನೆನಪಾಗಬಹುದು. ಇಲ್ಲಿ ಹೇಳುತ್ತಿರುವುದು ತಿನ್ನುವ ಪ್ರೋಟೀನಿನ ವಿಷಯವಲ್ಲ. ಬೇಳೆ ಬಿಟ್ಟವರಿಗೆ ಈ ರೋಗ ತಪ್ಪುವುದಿಲ್ಲ, ತಿಂದವರಿಗೆ ಬರುವುದೂ ಇಲ್ಲ. ದೇಹದ ಪ್ರತಿ ಕೋಶವೂ ತನ್ನ ಕೆಲಸಕ್ಕಾಗಿ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಾನೇ ನೆಯ್ದುಕೊಳ್ಳುತ್ತದೆ, ಹಳೆಯದಾದುದನ್ನು ತಾನೇ ಬಿಚ್ಚಿ ಹಾಕುತ್ತದೆ. ಅಮೈಲಾಯ್ಡ್ ತುಣುಕು ಆರೋಗ್ಯವಂತರ ಮೆದುಳಿನಲ್ಲಿಯೂ, ಇದನ್ನು ಓದುತ್ತಿರುವವರ ಮೆದುಳಿನಲ್ಲಿಯೂ, ಈ ಕ್ಷಣ ಹುಟ್ಟುತ್ತಿದೆ, ಕರಗಿ ಹೋಗುತ್ತಿದೆ. ಬಚ್ಚಲುಮನೆಯ ನಲ್ಲಿ ಸದಾ ಹರಿಯುತ್ತಿದ್ದರೂ ನೀರು ಹೋಗುವ ಕಂಡಿ ತೆರೆದಿರುವವರೆಗೆ ನೆಲದ ಮೇಲೆ ನೀರು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ನಲ್ಲಿಯ ರಭಸ ಹೆಚ್ಚಬೇಕು, ಇಲ್ಲವೆ ಕಂಡಿ ಕಟ್ಟಬೇಕು.

ಎರಡೂ ಆಗುವುದುಂಟು. ಕೆಲವು ಕುಟುಂಬಗಳಲ್ಲಿ ವಂಶವಾಹಿಯ ದೋಷದಿಂದ ನಲ್ಲಿಯೇ ಜೋರಾಗಿ ಹರಿದು, ನಲವತ್ತು ಐವತ್ತರಲ್ಲೇ ರೋಗ ತೋರುತ್ತದೆ. ಇದಕ್ಕೆ ಪ್ರತಿಯಾಗಿ, ಐಸ್‌ಲ್ಯಾಂಡಿನಲ್ಲಿ ಕೆಲವರಿಗೆ ಹುಟ್ಟಿನಿಂದಲೇ ನಲ್ಲಿ ಸಣ್ಣಗೆ ಹರಿಯುವ ಭಾಗ್ಯವಿದ್ದು, ಅವರಿಗೆ ಮುಪ್ಪಿನಲ್ಲಿ ಈ ರೋಗ ಬಲು ಅಪರೂಪವೆಂದು 2012ರಲ್ಲಿ ಗೊತ್ತಾಯಿತು. ಆದರೆ ಇವು ಅಲ್ಪಸಂಖ್ಯಾತರ ಕಥೆ. ಸಾಮಾನ್ಯರ ಸಂಗತಿಯನ್ನು 2010ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ರ್‍ಯಾಂಡಲ್ ಬೇಟ್‌ಮನ್ ಮತ್ತು ಅವರ ಸಂಗಡಿಗರು ಅಳೆದು ನೋಡಿದರು. ರೋಗವಿದ್ದ 12 ಮಂದಿ, ರೋಗವಿಲ್ಲದ 12 ಮಂದಿ. ಅಮೈಲಾಯ್ಡ್ ಹುಟ್ಟುವ ವೇಗ ಇಬ್ಬರಲ್ಲೂ ಒಂದೇ; ಹೊರಹೋಗುವ ವೇಗ ಮಾತ್ರ ರೋಗಿಗಳಲ್ಲಿ ನೂರಕ್ಕೆ ಸುಮಾರು 30ರಷ್ಟು ಕಡಿಮೆ. ವಯಸ್ಸಾದವರಲ್ಲಿ ತೊಂದರೆಯಿರುವುದು ಕಂಡಿಯಲ್ಲಿ. ಯಾವ ಒಂದು ದಿನದಲ್ಲಿಯೂ ಇದು ದೊಡ್ಡ ವ್ಯತ್ಯಾಸವಲ್ಲ; ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬಚ್ಚಲು ತುಂಬುತ್ತದೆ. ಕೀಲಿಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಡುವ ದಿನಕ್ಕಿಂತ ಬಹಳ ಮೊದಲೇ, ಅದೇ ಅತ್ತೆಯವರು ಮಗನ ಮದುವೆಯ ಓಡಾಟವನ್ನೆಲ್ಲ ಹೊತ್ತು ನಿಂತಿದ್ದ ಕಾಲದಲ್ಲೇ, ಒಳಗೆ ಕೆಲಸ ಆರಂಭವಾಗಿರುತ್ತದೆ.

ಟೌ ನಡೆದುಕೊಳ್ಳುವ ಬಗೆ ಬೇರೆ. ಅಡುಗೆಮನೆಯವರಿಗೆ ಅದನ್ನು ವಿವರಿಸುವುದು ಸುಲಭ: ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರಾಗಿಸುತ್ತದೆ. ಮಡಿಕೆ ತಪ್ಪಿದ ಟೌ ಕಣವೊಂದು ಪಕ್ಕದ ಸರಿಯಾದ ಕಣವನ್ನೂ ತನ್ನಂತೆ ಮಾಡಿಕೊಳ್ಳುತ್ತದೆ, ಅದು ಇನ್ನೊಂದನ್ನು. ಹೆಪ್ಪಿನ ಕೆಲಸ ಮೊದಲು ತೊಡಗುವುದು, ಹೊಸ ನೆನಪುಗಳನ್ನು ಕೂಡಿಡುವ ಮೆದುಳಿನ ಒಳಮಗ್ಗುಲಿನ ಸೀಮೆಯಲ್ಲಿ ಎಂಬುದನ್ನು ಜರ್ಮನಿಯ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ದಂಪತಿಗಳು 1991ರಲ್ಲಿ ಹಂತಹಂತವಾಗಿ ಗುರುತಿಸಿದರು. ಐವತ್ತು ವರ್ಷದ ಹಿಂದಿನ ತವರಿನ ಹಬ್ಬ ನೆನಪಿದ್ದು, ಅರ್ಧ ಗಂಟೆಯ ಹಿಂದಿನ ಊಟ ಮರೆಯುವುದರ ಗುಟ್ಟು ಇದರಲ್ಲಿದೆ. ಹಳೆಯ ನೆನಪು ದೂರದ ಕಣಜಗಳಲ್ಲಿ ಭದ್ರವಾಗಿರುವಾಗ ಹೊಸ ನೆನಪು ಬಾಗಿಲಲ್ಲೇ ಬಿದ್ದುಹೋಗುತ್ತದೆ. ‘ಅದು ನೆನಪಿದೆ, ಇದು ಮರೆಯಿತೇ?’ ಎಂಬ ಮನೆಯವರ ಕೊಂಕು ಪ್ರಶ್ನೆಗೆ ಇದೇ ಉತ್ತರ. ಊಟ ಹಾಕಲಿಲ್ಲವೆಂದು ಹೇಳುವ ವೃದ್ಧೆ ಸುಳ್ಳಾಡುತ್ತಿಲ್ಲ. ಆಕೆಯ ಮಟ್ಟಿಗೆ ಆ ಊಟ ನಡೆಯಲೇ ಇಲ್ಲ.

ಕೈಕಾಲು ನಡುಗುವ ಪಾರ್ಕಿನ್‌ಸನ್ ರೋಗದಲ್ಲೂ ಇದೇ ಜಾತಿಯ ಕಥೆ, ಪ್ರೋಟೀನು ಬೇರೆ. ಆ ರೋಗಿಗಳ ಮೆದುಳಿನಲ್ಲಿ ಉಂಡೆಗಟ್ಟಿದ ವಸ್ತುವನ್ನು 1912ರಲ್ಲಿ ವರ್ಣಿಸಿದ ಫ್ರೀಡ್‌ರಿಷ್ ಲೆವಿ, ಆಲ್ಜೈಮರ್ ಅವರ ಪ್ರಯೋಗಶಾಲೆಯಲ್ಲೇ ಕೆಲಸ ಮಾಡಿದವರು. ಆ ಉಂಡೆ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನಿನದೆಂದು 1997ರಲ್ಲಿ ತಿಳಿಯಿತು.

ಇಷ್ಟೇ ಆಗಿದ್ದರೆ ಲೆಕ್ಕ ಸರಳವಾಗಿತ್ತು: ಗಸಿ ಹೆಚ್ಚಿದ್ದವರಿಗೆ ಮರೆವು, ಇಲ್ಲದವರಿಗೆ ಇಲ್ಲ. ಈ ಲೆಕ್ಕವನ್ನು ಕೆಡಿಸಿದವರು ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು. ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ತೊಡಗಿದ ಅಧ್ಯಯನದಲ್ಲಿ ಒಂದೇ ಸಂಘದ 678 ಸನ್ಯಾಸಿನಿಯರು ವರ್ಷವರ್ಷವೂ ಬುದ್ಧಿಪರೀಕ್ಷೆಗೆ ಕುಳಿತು, ಮರಣಾನಂತರ ಮೆದುಳನ್ನು ದಾನ ಮಾಡಲು ಒಪ್ಪಿದರು. ಒಂದೇ ಊಟ, ಒಂದೇ ದಿನಚರಿಯ ಅವರಿಗಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗಬೇಕು? ಅವರಲ್ಲಿ ಸಿಸ್ಟರ್ ಮೇರಿ ಎಂಬಾಕೆ ನೂರೊಂದು ವರ್ಷ ಬಾಳಿ, ಕೊನೆಯವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದವರು. ಅವರ ಮೆದುಳನ್ನು ನೋಡಿದರೆ ಗಸಿಯೂ ಹೇರಳ, ಸಿಕ್ಕೂ ಹೇರಳ. ಅಂದ ಮೇಲೆ ಕಸ ಬಿದ್ದ ಮಾತ್ರಕ್ಕೆ ಮನೆ ಹಾಳಾಗುವುದಿಲ್ಲ; ಕಸ ಬಿದ್ದಾಗ ಮನೆಯವರು ಏನು ಮಾಡುತ್ತಾರೆಂಬುದೂ ಎಣಿಕೆಗೆ ಬರುತ್ತದೆ.

ಆಲ್ಜೈಮರ್ ಕಂಡ ಮೂರನೆಯ ಸಂಗತಿಗೆ ಮತ್ತೆ ಬೆಲೆ ಬಂದದ್ದು ಇಲ್ಲಿ. ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರಿಟ್ಟ ರುಡಾಲ್ಫ್ ವಿರ್‍ಶೋ, ಇಟ್ಟಿಗೆಗಳ ನಡುವಿನ ಗಾರೆಯಂತೆ ಇದು ನರಕೋಶಗಳನ್ನು ಹಿಡಿದು ನಿಲ್ಲಿಸುವ ವಸ್ತುವೆಂದು ತಿಳಿದಿದ್ದರು. ಗಾರೆಯ ಕಡೆ ಯಾರು ನೋಡುತ್ತಾರೆ? ಆದರೂ ಮ್ಯೂನಿಕ್ಕಿನಲ್ಲಿ ಆಲ್ಜೈಮರ್ ಬಳಿ ಕಲಿತ ನಿಕೊಲಾಸ್ ಅಚೂಕರೊ ಎಂಬ ಸ್ಪೇನಿನ ತರುಣ, ಈ ಕುತೂಹಲವನ್ನು ಮ್ಯಾಡ್ರಿಡ್‌ಗೆ ಹೊತ್ತೊಯ್ದ. 1918ರಲ್ಲಿ, ಮೂವತ್ತೇಳರ ಹರೆಯದಲ್ಲಿ, ಅವನು ತೀರಿಕೊಂಡ. ಅವನ ಶಿಷ್ಯ ಪಿಯೊ ದೆಲ್ ರಿಯೊ ಓರ್ತೆಗ ಹೊಸದೊಂದು ಬೆಳ್ಳಿಯ ಬಣ್ಣವನ್ನು ಕಂಡುಹಿಡಿದು, ಗಾರೆಯೆಂದು ಎಣಿಸಿದ್ದರ ನಡುವೆ ಕೈಕಾಲು ಚಾಚಿ ಹರಿದಾಡುವ ಜೀವಂತ ಕೋಶಗಳನ್ನು 1919ರಲ್ಲಿ ಬೇರ್ಪಡಿಸಿ ತೋರಿಸಿದ. ಅವಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟ. ಗಾಯವಾದಾಗ ಇವು ಕೈಕಾಲು ಮಡಚಿಕೊಂಡು ಅಲ್ಲಿಗೆ ಧಾವಿಸಿ ಸತ್ತುದನ್ನು ನುಂಗುತ್ತವೆಂದು ಹೇಳಿದವನೂ ಅವನೇ. ನೊಬೆಲ್ ಪಾರಿತೋಷಕ ಪಡೆದಿದ್ದ ಕಹಾಲ್ ಎಂಬ ಮಹಾಗುರುವಿನ ಮತಕ್ಕೆ ಇದು ಒಗ್ಗಲಿಲ್ಲ. ಮನಸ್ತಾಪ ಬೆಳೆದು ಓರ್ತೆಗ ಆ ಪ್ರಯೋಗಶಾಲೆಯನ್ನು ಬಿಡಬೇಕಾಯಿತು. ಆಮೇಲೆ ಸ್ಪೇನಿನ ಅಂತರ್ಯುದ್ಧ ದೇಶವನ್ನೂ ಬಿಡಿಸಿತು. 1945ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ಅವನು ಕಣ್ಮುಚ್ಚಿದ. ಮೈಕ್ರೋಗ್ಲಿಯಾ ಕೂಡ ಅವನೊಡನೆ ದೇಶಭ್ರಷ್ಟವಾದಂತಾಗಿ, ನಾಲ್ಕು ದಶಕಗಳ ಕಾಲ ಬಹುಮಂದಿ ಅದರ ಗೊಡವೆಗೆ ಹೋಗಲಿಲ್ಲ.

ಈಗ ತಿಳಿದಿರುವಂತೆ ಮೈಕ್ರೋಗ್ಲಿಯಾ ಮೆದುಳಿನ ಕಾವಲುಗಾರನೂ ಹೌದು, ಜಾಡಮಾಲಿಯೂ ಹೌದು. ಹಗಲಿರುಳು ಎಳೆಗಳನ್ನು ಚಾಚಿ ಸುತ್ತಲಿನ ಜಾಗವನ್ನು ತಡವಿ ನೋಡುತ್ತಿರುತ್ತದೆ. ಗಸಿ ಕಂಡರೆ ಸುತ್ತುವರಿದು ನುಂಗಲೆಳಸುತ್ತದೆ, ಸಹಾಯಕ್ಕಾಗಿ ರಾಸಾಯನಿಕ ಕರೆಗಳನ್ನು ಹೊರಡಿಸುತ್ತದೆ. ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದಕ್ಕೆ ಕಾರಣವಾದ ಉರಿಯೂತವೇ ಇದು. ಮೆದುಳಿನಲ್ಲಿ ನೋವಿಲ್ಲದೆ, ಊತ ಕಾಣದೆ, ವರ್ಷಗಟ್ಟಲೆ ನಡೆಯುತ್ತದೆ. ಬೆರಳಿನ ಮುಳ್ಳು ಹೊರಬಂದರೆ ಊತ ಇಳಿಯುತ್ತದೆ. ಗಸಿಯ ಮುಳ್ಳು ಹೊರಬರುವುದಿಲ್ಲ. ಕಾವಲುಗಾರ ದಣಿಯುತ್ತಾನೆ, ದಣಿದವನು ರೇಗುತ್ತಾನೆ, ರೇಗಿದವನು ಕಳ್ಳನನ್ನೂ ಮನೆಯವರನ್ನೂ ಬೇರೆ ಮಾಡಿ ನೋಡುವುದಿಲ್ಲ. ನರಕೋಶಗಳು ಒಂದಕ್ಕೊಂದು ಮಾತನಾಡುವ ಸಂಧಿಗಳನ್ನು ಮೈಕ್ರೋಗ್ಲಿಯಾ ರೋಗದ ಆರಂಭದಲ್ಲೇ ಕಿತ್ತು ನುಂಗುತ್ತವೆಂದು ಬಾಸ್ಟನ್ ನಗರದ ಬೆತ್ ಸ್ಟೀವನ್ಸ್ ಮತ್ತು ಅವರ ಸಂಗಡಿಗರು 2016ರಲ್ಲಿ ಇಲಿಗಳಲ್ಲಿ ತೋರಿಸಿದರು.

ಹಾಗಾದರೆ ಉರಿಯೂತವನ್ನು ಅಡಗಿಸುವ ಮಾತ್ರೆ ಕೊಟ್ಟರೆ ಸಾಕಲ್ಲ ಎಂದು ಯಾರಿಗಾದರೂ ತೋರುತ್ತದೆ. ಕೆನಡದ ವ್ಯಾಂಕೂವರಿನ ಪ್ಯಾಟ್ರಿಕ್ ಮತ್ತು ಈಡಿತ್ ಮೆಕ್‌ಗೀರ್ ದಂಪತಿಗಳಿಗೂ ತೋರಿತು. ಕೆರಳಿದ ಮೈಕ್ರೋಗ್ಲಿಯಾಗಳನ್ನು ರೋಗಿಗಳ ಮೆದುಳಿನಲ್ಲಿ 1980ರ ದಶಕದ ಕೊನೆಗೆ ಮೊದಲು ಗುರುತಿಸಿದವರಲ್ಲಿ ಇವರೂ ಸೇರಿದ್ದರು. ಕೀಲುವಾತಕ್ಕೆಂದು ವರ್ಷಾನುಗಟ್ಟಲೆ ಉರಿಯೂತದ ಮಾತ್ರೆ ನುಂಗಿದವರಲ್ಲಿ ಮರೆವಿನ ರೋಗ ಕಡಿಮೆಯೆಂಬುದನ್ನೂ ಅವರು ಗಮನಕ್ಕೆ ತಂದರು. ಆಸೆ ಚಿಗುರಿತು. ಅಮೆರಿಕದಲ್ಲಿ 2001ರಲ್ಲಿ ದೊಡ್ಡ ಪರೀಕ್ಷೆಯೊಂದು ಆರಂಭವಾಗಿ, ಎಪ್ಪತ್ತು ದಾಟಿದ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ 2004ರ ಕೊನೆಗೆ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ಮರೆವಿನಿಂದ ರಕ್ಷಣೆಯೂ ದೊರೆಯಲಿಲ್ಲ. ಮನೆಮದ್ದಿನಂತೆ ನೋವಿನ ಮಾತ್ರೆಗಳನ್ನು ನುಂಗುವ ಅಭ್ಯಾಸವಿರುವವರು ಈ ಫಲಿತಾಂಶವನ್ನು ನೆನಪಿಡುವುದು ಒಳ್ಳೆಯದು.

ಏಕೆ ಹೀಗಾಯಿತೆಂಬುದರ ಸುಳಿವು 2013ರಲ್ಲಿ ದೊರೆಯಿತು. ಮೈಕ್ರೋಗ್ಲಿಯಾದ ಮೈಮೇಲಿರುವ ಟ್ರೆಮ್-2 ಎಂಬ ಸ್ಪರ್ಶಾಂಗ ದುರ್ಬಲವಾಗಿ ಹುಟ್ಟಿದವರಿಗೆ ಆಲ್ಜೈಮರ್ ರೋಗದ ಅಪಾಯ ಸುಮಾರು ಮೂರು ಪಟ್ಟು ಹೆಚ್ಚೆಂದು ಐಸ್‌ಲ್ಯಾಂಡಿನಲ್ಲಿಯೂ ಲಂಡನ್ನಿನಲ್ಲಿಯೂ ಒಟ್ಟೊಟ್ಟಿಗೆ ಕಂಡುಬಂದಿತು. ಕಾವಲುಗಾರ ಮಂಕಾದರೂ ಕೇಡು, ರೇಗಿದರೂ ಕೇಡು. ಆರಂಭದಲ್ಲಿ ಅವನು ಚುರುಕಾಗಿರಬೇಕು, ಆಮೇಲೆ ಶಾಂತನಾಗಬೇಕು. ಯಾವಾಗ ಯಾವುದೆಂದು ಹೇಳುವ ಗಡಿಯಾರ ಇನ್ನೂ ಕೈಗೆ ಬಂದಿಲ್ಲ. ಇನ್ನು, ಅಪೊ-ಇ-4 ಎಂಬ ವಂಶವಾಹಿಯುಳ್ಳವರಿಗೆ ಅಪಾಯ ಹೆಚ್ಚೆಂಬುದು 1993ರಿಂದ ಗೊತ್ತಿತ್ತು. ಅದು ಕೊಬ್ಬಿನ ಸಾಗಣೆಯ ಪ್ರೋಟೀನು. ತಂದೆತಾಯಿಯರಿಬ್ಬರಿಂದಲೂ ಅದನ್ನು ಪಡೆದ ರೋಗಿಗಳ ಮೆದುಳಿನಲ್ಲಿ ಮೈಕ್ರೋಗ್ಲಿಯಾಗಳು ಕೊಬ್ಬಿನ ಹನಿಗಳಿಂದ ತುಂಬಿ, ನರಕೋಶಗಳಿಗೆ ವಿಷವಾಗುತ್ತವೆಂದು 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧಕರು ಪ್ರಕಟಿಸಿದರು. ಔಗುಸ್ಟೆಯ ಮೆದುಳಿನಲ್ಲಿ ಆಲ್ಜೈಮರ್ ಗುರುತಿಸಿ ಒಂದು ಸಾಲಿನಲ್ಲಿ ಬರೆದಿಟ್ಟ ಹನಿಗಳಿಗೆ ಅರ್ಥ ಬರಲು ನೂರಹದಿನೆಂಟು ವರ್ಷ ಹಿಡಿಯಿತು.

ಔಷಧಿ ಇದೆಯೇ ಎಂದು ಕೇಳುವವರಿಗೆ ಉತ್ಪ್ರೇಕ್ಷೆಯಿಲ್ಲದ ಉತ್ತರ ಬೇಕು. ಅಮೈಲಾಯ್ಡನ್ನು ಮೆದುಳಿನಿಂದ ತೊಳೆಯುವ ಲೆಕಾನೆಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ರೋಗದ ಮೊದಲ ಹಂತದಲ್ಲಿರುವವರಲ್ಲಿ, ಹದಿನೆಂಟು ತಿಂಗಳ ಅವಧಿಯಲ್ಲಿ, ಅದು ಅವನತಿಯನ್ನು ನೂರಕ್ಕೆ 27ರಷ್ಟು ನಿಧಾನಗೊಳಿಸಿತು. ನಿಧಾನಗೊಳಿಸಿತು, ಅಷ್ಟೇ, ಹೋದ ನೆನಪನ್ನು ಮರಳಿಸಲಿಲ್ಲ. ಪಡೆದವರಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಮಂದಿಗೆ ಮೆದುಳಿನಲ್ಲಿ ಊತವೂ ಕಂಡಿತು.

ಇದಕ್ಕಿಂತ ಹತ್ತಿರದ ಸಂಗತಿಗಳೂ ಇವೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಮನಸ್ಸಿನ ಖಿನ್ನತೆ ಇವೂ ಮುಪ್ಪಿನಲ್ಲಿ ಮರೆವಿನ ವೇಷ ಹಾಕುತ್ತವೆ. ಮೊದಲನೆಯದು ಸಸ್ಯಾಹಾರಿಗಳ ಮನೆಯಲ್ಲಿ ಅಪರೂಪವೇನಲ್ಲ. ಇವಕ್ಕೆಲ್ಲ ಚಿಕಿತ್ಸೆಯುಂಟು. ಅರಳು ಮರಳು ಎಂದು ಕೈಬಿಟ್ಟ ಮನೆಯಲ್ಲಿ ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಜ್ವರ ಬಂದು ಹೋದ ಮೇಲೆ ಅಜ್ಜಿ ಮೊದಲಿನಂತಾಗಲಿಲ್ಲ ಎಂಬ ಮಾತಿನಲ್ಲಿಯೂ ಸತ್ಯವಿದೆ: ಶ್ವಾಸಕೋಶದಲ್ಲಿಯೋ ಮೂತ್ರನಾಳದಲ್ಲಿಯೋ ಹುಟ್ಟಿದ ಉರಿಯೂತದ ಕರೆ ಮೆದುಳಿಗೂ ತಲುಪಿ, ಮೊದಲೇ ಸಿಡುಕಾಗಿದ್ದ ಕಾವಲುಗಾರನನ್ನು ಇನ್ನಷ್ಟು ಕೆರಳಿಸುತ್ತದೆ. ವೃದ್ಧರು ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲಗೊಂಡರೆ ಅದು ಕೂಡಲೇ ಡಾಕ್ಟರಿಗೆ ತೋರಿಸಬೇಕಾದ ತುರ್ತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ ಮೊದಲಾದ 14 ಕಾರಣಗಳನ್ನು ಬಾಳಿನುದ್ದಕ್ಕೂ ಹತೋಟಿಯಲ್ಲಿಟ್ಟರೆ ಜಗತ್ತಿನ ಇಂಥ ಕಾಯಿಲೆಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಲಿ ಅಂದಾಜು ಮಾಡಿದೆ. ತಂದೆಗೆ ಕಿವಿ ಕೇಳಿಸುವುದಿಲ್ಲವೆಂದು ಮಾತನಾಡಿಸುವುದನ್ನೇ ಬಿಟ್ಟ ಮನೆಗಳು ಈ ಪಟ್ಟಿಯ ಎರಡು ಬಾಬುಗಳನ್ನು ಒಟ್ಟಿಗೆ ಕೂಡಿಸುತ್ತಿವೆ.

ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ, ಎಂದರೆ ನೂರಕ್ಕೆ 7.4ರಷ್ಟು ಜನಕ್ಕೆ, ಈ ಬಗೆಯ ಮರೆವಿನ ಕಾಯಿಲೆಗಳಿವೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಲೆಕ್ಕ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ದಾನವಾಗಿ ಬಂದ ಮೆದುಳುಗಳ ಭಂಡಾರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಮಂದಿಯನ್ನು ವರ್ಷಗಳುದ್ದಕ್ಕೂ ಪರೀಕ್ಷಿಸುವ ಕೆಲಸವನ್ನು ಕೈಗೊಂಡಿದ್ದಾರೆ. ಕಂಡಿ ಯಾವಾಗ ಕಟ್ಟತೊಡಗುತ್ತದೆ, ಕಾವಲುಗಾರ ಯಾವಾಗ ರೇಗತೊಡಗುತ್ತಾನೆ ಎಂಬುದನ್ನು ಈ ನಾಡಿನವರ ಮೈಯಲ್ಲೇ ನೋಡಿ ತಿಳಿಯಬೇಕೆಂಬುದು ಅದರ ಉದ್ದೇಶ.

ಔಗುಸ್ಟೆಯ ಕಡತ ಬಹುಕಾಲ ಎಲ್ಲಿದೆಯೆಂದೇ ಯಾರಿಗೂ ತಿಳಿದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಯ ದಫ್ತರಖಾನೆಯಲ್ಲಿ ಡಾಕ್ಟರ್ ಕೊನ್ರಾಡ್ ಮೌರರ್ ಮತ್ತು ಅವರ ಸಂಗಡಿಗರಿಗೆ ಅದು ದೊರೆಯಿತು. ಆಕೆಯ ಮೆದುಳಿನ ಸೀಳುಗಳು ಮ್ಯೂನಿಕ್ಕಿನಲ್ಲಿ ಸಿಕ್ಕಿ, 1998ರಲ್ಲಿ ಅವುಗಳನ್ನು ಮತ್ತೆ ಪರೀಕ್ಷಿಸಿದಾಗ ಆಲ್ಜೈಮರ್ ವರ್ಣಿಸಿದ ಗಸಿಯೂ ಸಿಕ್ಕುಗಳೂ ಹಾಗೆಯೇ ಇದ್ದುವು. ಆಕೆಯದು ವಂಶವಾಹಿಯ ದೋಷದ ರೋಗವೆಂದು ಒಂದು ತಂಡ ಹೇಳಿತು, ಇನ್ನೊಂದು ತಂಡ 2014ರಲ್ಲಿ ಆ ದೋಷ ಕಾಣಲಿಲ್ಲವೆಂದಿತು. ಆ ವಾದ ತೀರಿಲ್ಲ.

ಕಡತದಲ್ಲಿ ಔಗುಸ್ಟೆಯ ಕೈಬರಹವೂ ಇದೆ. ನಿಮ್ಮ ಹೆಸರನ್ನು ಬರೆಯಿರಿ ಎಂದು ಡಾಕ್ಟರು ಕಾಗದ ಕೊಟ್ಟಿದ್ದರು. ‘ಶ್ರೀಮತಿ’ ಎಂದು ಬರೆದು ಆಕೆ ನಿಂತಳು. ಮುಂದಿನದನ್ನು ಒಂದೊಂದೇ ಪದವಾಗಿ ಡಾಕ್ಟರು ಹೇಳಿಕೊಡಬೇಕಾಯಿತು. ಬರೆಯುತ್ತ ಬರೆಯುತ್ತ, ತನ್ನನ್ನು ತಾನು ಕಳೆದುಕೊಂಡೆನೆಂದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದಳು. ಅದನ್ನೂ ಆಲ್ಜೈಮರ್ ಬರೆದುಕೊಂಡರು.